ಹಳೆಯ ಸೆಸ್ನಾ 172 ಕೊಳ್ಳುವ ಮೊದಲು: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ಖಾಸಗಿ ಪೈಲಟ್ ಲೈಸೆನ್ಸ್ ಕೈಗೆ ಬಂದ ಮೇಲೆ ಸ್ವಂತ ವಿಮಾನದ ಆಸೆ ಹುಟ್ಟುವುದು ಸಹಜ. ಹೊಸದು ನಮ್ಮ ಜೇಬಿಗೆ ಎಟುಕುವುದಿಲ್ಲ. ಹಾಗಾಗಿ ಕಣ್ಣು ಹೋಗುವುದು ನಲವತ್ತು, ಐವತ್ತು ವರ್ಷ ಹಳೆಯ ಸೆಸ್ನಾ 172 ಎಂಬ ಒಂಟಿ ಎಂಜಿನ್‌ನ, ನಾಲ್ಕು ಸೀಟಿನ ಪುಟ್ಟ ವಿಮಾನದ ಮೇಲೆ. ಅಲ್ಲಿ ನೆಲೆಸಿರುವ ಕನ್ನಡಿಗ ಪೈಲಟ್‌ಗಳಿಗಾಗಿ ಇಲ್ಲಿನ ಉತ್ತರಗಳನ್ನು ಬರೆದಿದ್ದೇನೆ. ನಿಯಮಗಳೆಲ್ಲ ಅಮೆರಿಕದ ವಿಮಾನಯಾನ ಇಲಾಖೆಯಾದ ಎಫ್‌ಎಎ ನಿಯಮಗಳು.

ಐವತ್ತು ವರ್ಷದ ವಿಮಾನದಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹಾರಬಹುದಾ?

ಹಾರಬಹುದು, ಚೆನ್ನಾಗಿ ನೋಡಿಕೊಂಡಿದ್ದರೆ. 172 ಮಾರುಕಟ್ಟೆಗೆ ಬಂದದ್ದು 1956ರಲ್ಲಿ. ಇಲ್ಲಿಯವರೆಗೆ 44,000ಕ್ಕೂ ಹೆಚ್ಚು ತಯಾರಾಗಿವೆ. ಜಗತ್ತಿನಲ್ಲಿ ಇಷ್ಟು ಸಂಖ್ಯೆಯಲ್ಲಿ ತಯಾರಾದ ವಿಮಾನ ಇನ್ನೊಂದಿಲ್ಲ. ಮೊಕದ್ದಮೆಗಳ ಹೊರೆ ಹೆಚ್ಚಾಗಿದ್ದ ಕಾಲದಲ್ಲಿ, 1986ರಲ್ಲಿ, ಸೆಸ್ನಾ ಇದರ ತಯಾರಿಕೆ ನಿಲ್ಲಿಸಿತು. ವಿಮಾನಕ್ಕೆ 18 ವರ್ಷ ತುಂಬಿದ ಮೇಲೆ ತಯಾರಕರ ಮೇಲೆ ದಾವೆ ಹೂಡುವುದಕ್ಕೆ ಮಿತಿ ಹಾಕುವ ಕಾನೂನು 1994ರಲ್ಲಿ ಬಂತು. ಅದಾದ ಮೇಲೆ 1996ರಲ್ಲಿ ತಯಾರಿಕೆ ಮತ್ತೆ ಶುರುವಾಯಿತು. ಆದ್ದರಿಂದಲೇ ಕೈಗೆಟುಕುವ ಬೆಲೆಯ 172ಗಳಲ್ಲಿ ಹೆಚ್ಚಿನವು ಅರವತ್ತು, ಎಪ್ಪತ್ತರ ದಶಕದವು.

ವಯಸ್ಸಿಗೆ ನಾನು ಹೆದರುವುದಿಲ್ಲ. ಸುಮ್ನೆ ನಿಂತ ವಿಮಾನಕ್ಕೆ ಹೆದರುತ್ತೇನೆ. ವರ್ಷಕ್ಕೆ ನೂರು ಗಂಟೆ ಹಾರುತ್ತಾ ಬಂದಿರುವ 1968ರ ವಿಮಾನವನ್ನು ನಾನು ಧೈರ್ಯವಾಗಿ ನೋಡಲು ಹೋಗುತ್ತೇನೆ. ಎಂಟು ವರ್ಷ ಶೆಡ್ಡಿನಲ್ಲಿ ನಿಂತಿದ್ದ 1980ರ ವಿಮಾನ ಎಷ್ಟೇ ಹೊಳೆಯುತ್ತಿರಲಿ, ಅದರ ಹತ್ತಿರ ಅನುಮಾನದಿಂದಲೇ ಹೋಗುತ್ತೇನೆ.

ಯಾವ ವರ್ಷದ ಮಾಡೆಲ್ ಒಳ್ಳೆಯದು?

ವರ್ಷ ನೋಡುವುದೆಂದರೆ ಎಂಜಿನ್ ನೋಡುವುದು. 1967ರವರೆಗಿನ 172ಗಳಲ್ಲಿ ಕಾಂಟಿನೆಂಟಲ್ ಓ-300 ಇರುತ್ತದೆ. ಆರು ಸಿಲಿಂಡರ್, 145 ಹಾರ್ಸ್‌ಪವರ್. ಓಟ ಬಹಳ ನಯ. ಆದರೆ ಆರು ಸಿಲಿಂಡರ್ ಅಂದರೆ ರಿಪೇರಿಗೂ ಆರು ಸಿಲಿಂಡರ್. 1968ರಿಂದ ಲೈಕಮಿಂಗ್ ಓ-320 ಬಂತು. ನಾಲ್ಕು ಸಿಲಿಂಡರ್, 150 ಹಾರ್ಸ್‌ಪವರ್. ಇದು ಗಟ್ಟಿ ಎಂಜಿನ್, ಮೆಕ್ಯಾನಿಕ್‌ಗಳಿಗೆಲ್ಲ ಗೊತ್ತಿರುವಂಥದ್ದು. 1968ರಿಂದ 1976ರವರೆಗಿನ ವಿಮಾನಗಳನ್ನು ಮೊದಲ ಸಲ ಕೊಳ್ಳುವವರಿಗೆ ನಾನು ಧಾರಾಳವಾಗಿ ಸೂಚಿಸುತ್ತೇನೆ.

1977ರಿಂದ 1980ರವರೆಗಿನ 172ಎನ್‌ನಲ್ಲಿ ಮಾತ್ರ ಸ್ವಲ್ಪ ನಿಧಾನಿಸಿ. ಅದರ ಎಂಜಿನ್ ಓ-320-ಎಚ್2ಎಡಿ, 160 ಹಾರ್ಸ್‌ಪವರ್. ವಾಲ್ವ್‌ಗಳನ್ನು ತೆರೆದು ಮುಚ್ಚಿಸುವ ಕ್ಯಾಮ್‌ಶಾಫ್ಟ್ ಮತ್ತು ಟ್ಯಾಪೆಟ್ ಬೇಗ ಸವೆಯುತ್ತವೆ ಅನ್ನುವ ಕೆಟ್ಟ ಹೆಸರು ಅದಕ್ಕೆ ಬಂತು. ಆಮೇಲೆ ಲೈಕಮಿಂಗ್ ಭಾಗಗಳನ್ನು ಬದಲಿಸಿತು. ಆಯಿಲ್‌ಗೆ ಒಂದು ವಿಶೇಷ ಸೇರ್ಪಡೆ ಹಾಕಲೇಬೇಕು ಎಂದು ಎಫ್‌ಎಎ ಆದೇಶವೂ ಬಂತು. ಸರಿಯಾಗಿ ನೋಡಿಕೊಂಡವರ ಕೈಯಲ್ಲಿ ಇದೇ ಎಂಜಿನ್ 2,000 ಗಂಟೆ ಮುಟ್ಟಿದೆ. ಹಾಗಾಗಿ 172ಎನ್ ಬೇಡ ಅನ್ನಲಾರೆ. ಆ ಸೇರ್ಪಡೆ ಪ್ರತಿ ಸಲ ಹಾಕಿದ್ದಾರಾ, ವಿಮಾನ ನಿಯಮಿತವಾಗಿ ಹಾರಿದೆಯಾ ಎಂದು ವಿಮಾನದ ದಾಖಲೆ ಪುಸ್ತಕವಾದ ಲಾಗ್‌ಬುಕ್‌ನಲ್ಲಿ ಹುಡುಕಿ. ಎಂಜಿನ್‌ಗೆ ಕಿಡಿ ಒದಗಿಸುವ ಎರಡು ಮ್ಯಾಗ್ನೆಟೊಗಳೂ ಇದರಲ್ಲಿ ಒಂದೇ ಶಾಫ್ಟ್ ಮೇಲೆ ತಿರುಗುತ್ತವೆ. ಅದನ್ನೂ ಮೆಕ್ಯಾನಿಕ್ ಹತ್ತಿರ ವಿಚಾರಿಸಿ.

1981ರಿಂದ ಬಂದ 172ಪಿಯಲ್ಲಿ ಈ ತಲೆನೋವಿಲ್ಲದ ಓ-320-ಡಿ2ಜೆ ಇದೆ. ಗರಿಷ್ಠ ತೂಕ 2,300ರಿಂದ 2,400 ಪೌಂಡಿಗೆ ಏರಿತು. ಫ್ಲಾಪ್ (ರೆಕ್ಕೆಯ ಹಿಂಬದಿಯಲ್ಲಿ ಕೆಳಗೆ ಬಾಗುವ ಭಾಗ) 40 ಡಿಗ್ರಿಯಿಂದ 30ಕ್ಕೆ ಇಳಿಯಿತು. ಬೆಲೆಯೂ ಅದಕ್ಕೆ ತಕ್ಕಂತೆ ಜಾಸ್ತಿ.

ಜಾಹೀರಾತಿನಲ್ಲಿ "400 ಎಸ್‌ಎಂಓಎಚ್" ಅಂತಿದೆ. ಎಂಜಿನ್ ಹೆಚ್ಚುಕಮ್ಮಿ ಹೊಸದು ಅಲ್ವಾ?

ಅಷ್ಟು ಬೇಗ ಖುಷಿಪಡಬೇಡಿ. ದೊಡ್ಡ ಓವರ್‌ಹಾಲ್ (ಎಂಜಿನ್ ಪೂರ್ತಿ ಬಿಚ್ಚಿ ಸರಿಮಾಡುವ ಕೆಲಸ) ಆದಮೇಲೆ ಎಂಜಿನ್ 400 ಗಂಟೆ ಓಡಿದೆ ಎಂದಷ್ಟೇ ಅದರ ಅರ್ಥ. ಓವರ್‌ಹಾಲ್ ಯಾವ ವರ್ಷ ಆಯಿತು? ಯಾರು ಮಾಡಿದರು? ಯಾವ ಮಟ್ಟಕ್ಕೆ ಮಾಡಿದರು? ಈ ಮೂರು ಗೊತ್ತಾಗದೆ ಆ ಸಂಖ್ಯೆಯಿಂದ ಏನೂ ಹೇಳಲಾಗದು.

ಓವರ್‌ಹಾಲ್ 1998ರಲ್ಲಿ ಆಗಿದೆ ಅಂದುಕೊಳ್ಳಿ. ಅಲ್ಲಿಂದ ಇಲ್ಲಿಗೆ 400 ಗಂಟೆ ಅಂದರೆ ವರ್ಷಕ್ಕೆ ಇಪ್ಪತ್ತು ಗಂಟೆಯೂ ಹಾರಿಲ್ಲ. ಲೈಕಮಿಂಗ್ ಎಂಜಿನ್‌ನಲ್ಲಿ ಕ್ಯಾಮ್‌ಶಾಫ್ಟ್ ಇರುವುದು ಮೇಲ್ಭಾಗದಲ್ಲಿ. ವಿಮಾನ ನಿಂತರೆ ಆಯಿಲ್ ಎಲ್ಲ ಕೆಳಗಿಳಿಯುತ್ತದೆ. ಕ್ಯಾಮ್ ಒಣಗುತ್ತದೆ, ತೇವಕ್ಕೆ ತುಕ್ಕು ಹಿಡಿಯುತ್ತದೆ. ಮುಂದೆ ಸ್ಟಾರ್ಟ್ ಮಾಡಿದಾಗ ಆ ತುಕ್ಕಿನ ಗುಂಡಿಗಳು ಟ್ಯಾಪೆಟ್ ಅನ್ನು ಉಜ್ಜಿ ಉಜ್ಜಿ ತಿನ್ನುತ್ತವೆ. ಇದಕ್ಕೆ ಪರಿಹಾರ ಎಂಜಿನ್ ಬಿಚ್ಚುವುದೊಂದೇ. ಓ-320 ಓವರ್‌ಹಾಲ್ ಖರ್ಚು ಈಗ ಸುಲಭವಾಗಿ 30,000 ಡಾಲರ್ ದಾಟುತ್ತದೆ.

ಲೈಕಮಿಂಗ್ ಹೇಳುವ ಓವರ್‌ಹಾಲ್ ಅವಧಿ ಈ ಎಂಜಿನ್‌ಗಳಿಗೆ 2,000 ಗಂಟೆ, ಇಲ್ಲವೇ 12 ವರ್ಷ. ಕಾಂಟಿನೆಂಟಲ್ ಓ-300ಕ್ಕೆ 1,800 ಗಂಟೆ. ಸ್ವಂತಕ್ಕೆ ಹಾರಿಸುವವರಿಗೆ ಇದು ಕಡ್ಡಾಯ ಅಲ್ಲ. ಜಾಹೀರಾತುಗಳಲ್ಲಿ ಮಾತ್ರ ಗಂಟೆ ಇರುತ್ತದೆ, ವರ್ಷ ಇರುವುದಿಲ್ಲ. ವರ್ಷವನ್ನು ನೀವೇ ಬಾಯಿಬಿಟ್ಟು ಕೇಳಬೇಕು.

ಇನ್ನೊಂದು ಮಾತು. ಸವೆದ ಭಾಗ ಬಳಕೆಗೆ ಒಪ್ಪುವ ಮಿತಿಯೊಳಗೆ ಇದ್ದರೆ ಅದನ್ನೇ ಮತ್ತೆ ಹಾಕಿ ಮುಗಿಸಿದರೂ ಅದು ಓವರ್‌ಹಾಲ್. ಎಲ್ಲವನ್ನೂ ಹೊಸ ಭಾಗದ ಅಳತೆಗೆ ತಂದರೂ ಅದು ಓವರ್‌ಹಾಲ್. ಎರಡಕ್ಕೂ ಬಹಳ ವ್ಯತ್ಯಾಸವಿದೆ. ಓವರ್‌ಹಾಲ್‌ನ ಬಿಲ್ಲು ಮತ್ತು ಬದಲಿಸಿದ ಭಾಗಗಳ ಪಟ್ಟಿ ಕೇಳಿ. ಇಟ್ಟುಕೊಂಡಿರುವ ಮಾಲೀಕ ಸಂತೋಷದಿಂದ ತೋರಿಸುತ್ತಾನೆ.

ಕಂಪ್ರೆಷನ್ ಪರೀಕ್ಷೆಯಲ್ಲಿ ಎಲ್ಲ ಸಿಲಿಂಡರೂ 75ರ ಮೇಲಿದೆ. ಇನ್ನೇನು ನೋಡಬೇಕು?

ಒಳ್ಳೆಯ ಸುದ್ದಿಯೇ. ಸಿಲಿಂಡರಿಗೆ 80 ಪಿಎಸ್‌ಐ ಗಾಳಿ ಕೊಟ್ಟು ಎಷ್ಟು ಉಳಿಯಿತು ಎಂದು ನೋಡುವ ಪರೀಕ್ಷೆ ಅದು. ಆದರೆ ಕ್ಯಾಮ್‌ಶಾಫ್ಟ್ ಸ್ಥಿತಿಯನ್ನು ಅದು ತೋರಿಸುವುದಿಲ್ಲ. ವಾಲ್ವ್ ಸುಡಲು ಶುರುವಾಗಿದ್ದರೂ ಒಮ್ಮೊಮ್ಮೆ ಅಂಕೆ ಚೆನ್ನಾಗಿಯೇ ಬರುತ್ತದೆ.

ಬೋರೋಸ್ಕೋಪ್ (ಸಿಲಿಂಡರ್ ಒಳಗೆ ತೂರಿಸಿ ನೋಡುವ ಸಾಧನ) ಹಾಕಿ ಎಕ್ಸಾಸ್ಟ್ ವಾಲ್ವ್ ನೋಡಿಸಿ. ಅದರ ಮುಖದ ಮೇಲಿನ ಬಣ್ಣ ಸುತ್ತಲೂ ಸಮನಾಗಿರಬೇಕು. ಒಂದು ಪಕ್ಕ ಮಾತ್ರ ಬಣ್ಣ ಬೇರೆಯಾಗಿದ್ದರೆ ಅಲ್ಲಿ ಬಿಸಿ ಸೋರುತ್ತಿದೆ ಎಂದು ಅರ್ಥ. ಆಯಿಲ್ ಫಿಲ್ಟರ್ ಕತ್ತರಿಸಿ ಮಡಿಕೆಗಳನ್ನು ಬಿಡಿಸಿ ನೋಡಿ. ಅಯಸ್ಕಾಂತಕ್ಕೆ ಅಂಟುವ ಚೂರು ಸಿಕ್ಕರೆ ಮಾತುಕತೆ ಅಲ್ಲೇ ನಿಲ್ಲಿಸಿ. ಹಿಂದಿನ ಆಯಿಲ್ ಪರೀಕ್ಷೆಯ ವರದಿಗಳಿದ್ದರೆ ಕಬ್ಬಿಣದ ಅಂಶ ವರದಿಯಿಂದ ವರದಿಗೆ ಏರಿದೆಯಾ ನೋಡಿ. ಒಂದೇ ವರದಿಯಿಂದ ಏನೂ ತಿಳಿಯುವುದಿಲ್ಲ.

ಎಕ್ಸಾಸ್ಟ್ ಮಫ್ಲರ್ ಮರೆಯಬೇಡಿ. ಕ್ಯಾಬಿನ್ ಬೆಚ್ಚಗಾಗುವುದು ಮಫ್ಲರ್ ಸುತ್ತ ಹಾದುಬಂದ ಗಾಳಿಯಿಂದ. ಅದರಲ್ಲಿ ಬಿರುಕಿದ್ದರೆ ಚಳಿಗಾಲದಲ್ಲಿ ಹೀಟರ್ ಹಾಕಿದ ಕೂಡಲೇ ಕಾರ್ಬನ್ ಮಾನಾಕ್ಸೈಡ್ ಒಳಗೆ ಬರುತ್ತದೆ. ವಾಸನೆ ಇಲ್ಲ, ಬಣ್ಣ ಇಲ್ಲ. ಮಕ್ಕಳು ಹಿಂದೆ ನಿದ್ದೆ ಮಾಡುತ್ತಿದ್ದಾರೆ ಅಂದುಕೊಳ್ಳುತ್ತೀರಿ. ವಿಮಾನ ಕೊಳ್ಳುವ ಮೊದಲೇ ಒಂದು ಡಿಜಿಟಲ್ ಡಿಟೆಕ್ಟರ್ ಕೊಳ್ಳಿ.

ತುಕ್ಕು ಎಲ್ಲಿ ಹುಡುಕಬೇಕು?

ನನ್ನ ಪ್ರಕಾರ ಎಂಜಿನ್‌ಗಿಂತ ಇದು ಮುಖ್ಯ. ಕೆಟ್ಟ ಎಂಜಿನ್ ಬದಲಾಯಿಸಬಹುದು. ಒಳಗಿನಿಂದ ತಿಂದುಹೋದ ರೆಕ್ಕೆ, ಬಾಡಿ ಇರುವ ವಿಮಾನವನ್ನು ಬಿಡಿಭಾಗಕ್ಕೆ ಮಾರಬೇಕಾಗುತ್ತದೆ.

ಅಲ್ಯೂಮಿನಿಯಂ ಕೆಂಪಗೆ ತುಕ್ಕು ಹಿಡಿಯುವುದಿಲ್ಲ. ಬಿಳಿ ಅಥವಾ ಬೂದು ಪುಡಿ ಏಳುತ್ತದೆ. ಬಣ್ಣದ ಕೆಳಗೆ ಎರೆಹುಳು ಹರಿದಂತೆ ಗೆರೆಗಳು ಉಬ್ಬುತ್ತವೆ. ಇನ್ನೂ ಕೆಟ್ಟದ್ದೆಂದರೆ ಲೋಹ ಪದರ ಪದರವಾಗಿ ಬಿಚ್ಚಿಕೊಳ್ಳುವುದು. ಆ ಕಾಲದ ಬಹಳಷ್ಟು ಸೆಸ್ನಾಗಳಿಗೆ ಒಳಮೈಗೆ ಪ್ರೈಮರ್ ಬಳಿದಿರಲಿಲ್ಲ. ಹೊರಗೆ ಹೊಸ ಬಣ್ಣ ಕಂಡರೆ ಒಳಗೆ ಏನಿದೆ ಎನ್ನುವ ಪ್ರಶ್ನೆ ಇನ್ನೂ ಜೋರಾಗಿ ಏಳಬೇಕು.

ರೆಕ್ಕೆಯ ಕೆಳಗಿನ ದುಂಡನೆಯ ಮುಚ್ಚಳಗಳನ್ನು ತೆಗೆಸಿ, ಟಾರ್ಚ್ ಮತ್ತು ಕನ್ನಡಿ ಹಿಡಿದು ನೋಡಿ. ಸೀಟು, ಕಾರ್ಪೆಟ್, ನೆಲದ ತಟ್ಟೆ ಎತ್ತಿಸಿ. ಹೊಟ್ಟೆಯ ಭಾಗದಲ್ಲಿ ನೀರು ನಿಲ್ಲುತ್ತದೆ. ಶಬ್ದ ತಡೆಯಲು ಅಂಟಿಸಿದ ಫೋಮ್ ನೀರು ಹೀರಿಕೊಂಡು ಲೋಹಕ್ಕೆ ಒತ್ತಿಕೊಂಡಿರುತ್ತದೆ. ಬ್ಯಾಟರಿ ಪೆಟ್ಟಿಗೆಯ ಸುತ್ತ ಆಸಿಡ್ ಸೋರಿದೆಯಾ? ಬಾಲದ ಒಳಗೆ ಇಲಿ ಗೂಡು ಇತ್ತಾ? ಇಲಿ ಮೂತ್ರ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ, ಇದು ತಮಾಷೆಯ ವಿಷಯವೇ ಅಲ್ಲ. ರೆಕ್ಕೆಗೆ ಆಸರೆಯಾಗಿರುವ ಓರೆ ಕಂಬ, ಅಂದರೆ ಸ್ಟ್ರಟ್, ಬಂದು ಸೇರುವ ಬಾಗಿಲ ಕಂಬದ ಬುಡದಲ್ಲಿ ಬಿರುಕಿದೆಯಾ ಎಂದು ಬೆಳಕು ಬಿಟ್ಟು ನೋಡಿಸಿ.

ವಿಮಾನ ಎಲ್ಲೆಲ್ಲಿ ಬಾಳಿದೆ ಎಂದು ಲಾಗ್‌ಬುಕ್‌ನಿಂದ ತಿಳಿಯುತ್ತದೆ. ಫ್ಲಾರಿಡಾ ಅಥವಾ ಗಲ್ಫ್ ತೀರದಲ್ಲಿ ಬಯಲಲ್ಲಿ ಕಟ್ಟಿಹಾಕಿದ್ದರೆ ಉಪ್ಪುಗಾಳಿ ಕುಡಿದಿರುತ್ತದೆ. ಅರಿಜೋನದ ವಿಮಾನದಲ್ಲಿ ಬಿಸಿಲಿಗೆ ಬಣ್ಣ, ಪ್ಲಾಸ್ಟಿಕ್, ರಬ್ಬರ್ ಹಾಳಾಗಿರಬಹುದು. ಅವನ್ನು ಬದಲಿಸಬಹುದು. ಎರಡರಲ್ಲಿ ನಾನು ಕಣ್ಣುಮುಚ್ಚಿ ಅರಿಜೋನದ್ದನ್ನು ಆರಿಸುತ್ತೇನೆ.

ಲಾಗ್‌ಬುಕ್ ಓದುವುದು ಹೇಗೆ?

ಮೊದಲ ಪುಟದಿಂದ. ಕಾರ್ಖಾನೆಯಿಂದ ಹೊರಬಂದ ದಿನದಿಂದ ಪುಸ್ತಕಗಳೆಲ್ಲ ಇವೆಯಾ ನೋಡಿ. ವಿಮಾನದ ಒಡಲಿಗೆ ಒಂದು, ಎಂಜಿನ್‌ಗೆ ಒಂದು, ಪ್ರೊಪೆಲ್ಲರ್‌ಗೆ ಒಂದು ಇರುತ್ತದೆ. ನಡುವೆ ಒಂದು ಪುಸ್ತಕ "ಕಳೆದುಹೋಗಿದೆ" ಅಂದರೆ ಬೆಲೆ ಗಣನೀಯವಾಗಿ ಇಳಿಯಬೇಕು. ಆ ವರ್ಷಗಳಲ್ಲಿ ಏನಾಯಿತು ಎಂದು ಯಾರೂ ಹೇಳಲಾರರು.

ಎಫ್‌ಎಎ ಹತ್ತಿರ ಪ್ರತಿ ವಿಮಾನದ ಕಡತ ಇದೆ. ದೊಡ್ಡ ರಿಪೇರಿ, ದೊಡ್ಡ ಮಾರ್ಪಾಡು ಮಾಡಿದಾಗಲೆಲ್ಲ ಫಾರ್ಮ್ 337 ತುಂಬಿ ಅಲ್ಲಿಗೆ ಕಳಿಸಬೇಕು. ಆ ಕಡತದ ಪ್ರತಿ ತರಿಸಿಕೊಂಡು ಲಾಗ್‌ಬುಕ್ ಪಕ್ಕದಲ್ಲಿಟ್ಟು ಹೋಲಿಸಿ. ವಿಮಾನದಲ್ಲಿ ಕಾಣುವ ಮಾರ್ಪಾಡಿಗೆ ಕಾಗದ ಇಲ್ಲದಿದ್ದರೆ ನಾಳೆ ಅದು ನಿಮ್ಮ ತಲೆಗೆ ಬರುತ್ತದೆ. ಎನ್ ನಂಬರ್ (ಅಮೆರಿಕದ ನೋಂದಣಿ ಸಂಖ್ಯೆ) ಹಾಕಿ, ಅಪಘಾತಗಳ ತನಿಖೆ ಮಾಡುವ ಎನ್‌ಟಿಎಸ್‌ಬಿಯ ದಾಖಲೆಯಲ್ಲೂ ಹುಡುಕಿ. ಎನ್ ನಂಬರ್ ಬದಲಾಗಿರಬಹುದು, ಆದ್ದರಿಂದ ಸೀರಿಯಲ್ ನಂಬರೂ ಜೊತೆಗಿರಲಿ.

ಹಿಂದೆ ಪೆಟ್ಟಾಗಿದ್ದರೆ ಕೊಳ್ಳಬಾರದಾ?

ಹಾಗೇನಿಲ್ಲ. ಮೂವತ್ತು ವರ್ಷದ ಹಿಂದೆ ಆಲಿಕಲ್ಲು ಬಿದ್ದು ರೆಕ್ಕೆಯ ತಗಡು ಬದಲಿಸಿದ್ದರೆ, ಕಾಗದ ಸರಿಯಿದ್ದರೆ ತೊಂದರೆ ಇಲ್ಲ. ಪ್ರೊಪೆಲ್ಲರ್ ನೆಲಕ್ಕೆ ಬಡಿದಿದ್ದರೆ ಎಂಜಿನ್ ಒಳಗೆ ನೋಡಿದ್ದಾರಾ ಎಂದು ಕೇಳಿ. ಲೈಕಮಿಂಗ್‌ಗೆ ಇದರ ಬಗ್ಗೆ ಕಡ್ಡಾಯ ಆದೇಶ ಇದೆ: ಕ್ರ್ಯಾಂಕ್‌ಶಾಫ್ಟ್ ಹಿಂದಿನ ಗೇರ್ ತೆಗೆದು ಪರೀಕ್ಷಿಸಬೇಕು. ಹೊಸ ಪ್ರೊಪೆಲ್ಲರ್ ಹಾಕಿದ ದಾಖಲೆ ಇದೆ, ಗೇರ್ ನೋಡಿದ ದಾಖಲೆ ಇಲ್ಲ ಅಂದರೆ ಕಾರಣ ಕೇಳಲೇಬೇಕು. ಮೂಗಿನ ಚಕ್ರದ ಮೇಲೆ ಜೋರಾಗಿ ಇಳಿದ ವಿಮಾನದಲ್ಲಿ ಎಂಜಿನ್ ಮತ್ತು ಕ್ಯಾಬಿನ್ ನಡುವಿನ ಫೈರ್‌ವಾಲ್ ತಗಡು ಸುಕ್ಕುಗಟ್ಟಿರುತ್ತದೆ. ತರಬೇತಿ ಶಾಲೆಯಲ್ಲಿ ದುಡಿದ 172ಗಳಲ್ಲಿ ಇದನ್ನು ಮೊದಲು ನೋಡಿ.

ಕಡ್ಡಾಯ ಆದೇಶಗಳಲ್ಲಿ ಯಾವುದು ಮುಖ್ಯ?

ಎಫ್‌ಎಎಯ ಈ ಆದೇಶಗಳಿಗೆ ಏರ್‌ವರ್ದಿನೆಸ್ ಡೈರೆಕ್ಟಿವ್ ಎನ್ನುತ್ತಾರೆ, ಪಟ್ಟಿ ಉದ್ದ ಇರುತ್ತದೆ. ಒಂದೊಂದನ್ನೂ ಯಾವಾಗ, ಹೇಗೆ ಪೂರೈಸಿದರು ಎನ್ನುವ ಪಟ್ಟಿಯನ್ನು ಮಾರುವವರು ಕೊಡಬೇಕು. 172ಕ್ಕೆ ನಾನು ಕೈಯಿಂದ ಮುಟ್ಟಿ ನೋಡುವುದು ಸೀಟಿನ ಹಳಿ. ಹಳಿಯ ತೂತು ಸವೆದರೆ, ಪಿನ್ ಸರಿಯಾಗಿ ಕೂರದಿದ್ದರೆ, ಟೇಕಾಫ್ ವೇಳೆಯಲ್ಲಿ ಪೈಲಟ್ ಸೀಟು ಹಿಂದಕ್ಕೆ ಜಾರುತ್ತದೆ. ಕೈ ಯೋಕ್ (ವಿಮಾನದ ಸ್ಟೀರಿಂಗ್) ಹಿಡಿದಿರುತ್ತದೆ, ಮೂಗು ಮೇಲೇಳುತ್ತದೆ. ಜನ ಇದರಿಂದ ಸತ್ತಿದ್ದಾರೆ. ಈಗ ಜಾರದಂತೆ ತಡೆಯುವ ಎರಡನೇ ಪಟ್ಟಿ ಸಿಗುತ್ತದೆ, ಇಲ್ಲದಿದ್ದರೆ ಹಾಕಿಸಿಕೊಳ್ಳಿ.

ಸೆಸ್ನಾ ಬದಲು ಪೈಪರ್ ಚೆರೊಕಿ ನೋಡುತ್ತಿದ್ದರೆ ರೆಕ್ಕೆಯ ಮುಖ್ಯ ಸ್ಪಾರ್ (ರೆಕ್ಕೆಯ ಭಾರ ಹೊರುವ ತೊಲೆ) ಬಗ್ಗೆ ಕೇಳಿ. 2018ರಲ್ಲಿ ಫ್ಲಾರಿಡಾದ ಡೇಟೋನಾ ಬೀಚ್‌ನಲ್ಲಿ ತರಬೇತಿಯ ಪೈಪರ್ ಆರೋ ಒಂದರ ರೆಕ್ಕೆ ಹಾರಾಟದಲ್ಲೇ ಮುರಿದು ಇಬ್ಬರು ತೀರಿಕೊಂಡರು. ಲೋಹದ ದಣಿವಿನ ಬಿರುಕು ಅದಕ್ಕೆ ಕಾರಣ. ಆಮೇಲೆ ಚೆರೊಕಿ, ಆರೋ ಎರಡೂ ಸೇರಿದ ಪೈಪರ್ ವಿಮಾನ ಕುಟುಂಬದ ಹಲವು ಮಾಡೆಲ್‌ಗಳಿಗೆ ಎಡ್ಡಿ ಕರೆಂಟ್ ಪರೀಕ್ಷೆಯ (ವಿದ್ಯುತ್ ಬಳಸಿ ಲೋಹದ ಬಿರುಕು ಹುಡುಕುವ ಪರೀಕ್ಷೆಯ) ಆದೇಶ ಬಂತು.

ಈಗಷ್ಟೇ ಆನ್ಯುವಲ್ (ವರ್ಷಕ್ಕೊಮ್ಮೆ ಮಾಡಿಸಬೇಕಾದ ತಪಾಸಣೆ) ಆಗಿದೆಯಂತೆ. ಮತ್ತೆ ಪ್ರೀ-ಬೈ (ಕೊಳ್ಳುವ ಮೊದಲಿನ ತಪಾಸಣೆ) ಯಾಕೆ?

ಆ ಆನ್ಯುವಲ್ ಮಾಡಿದ್ದು ಮಾರುವವರ ಮೆಕ್ಯಾನಿಕ್. ನೀವು ನಂಬಬೇಕಾದದ್ದು ನಿಮ್ಮ ಮೆಕ್ಯಾನಿಕ್ ಅನ್ನು. ಈ ಒಂದು ವಿಷಯದಲ್ಲಿ ದಯವಿಟ್ಟು ಹಣ ಉಳಿಸಬೇಡಿ.

ಪ್ರೀ-ಬೈ ಎಂದರೆ ಇಷ್ಟಿಷ್ಟು ನೋಡಬೇಕು ಎಂದು ಎಫ್‌ಎಎ ಎಲ್ಲೂ ಬರೆದಿಲ್ಲ. ಒಬ್ಬ ಒಂದು ಗಂಟೆಯಲ್ಲಿ ಮುಗಿಸಬಹುದು, ಇನ್ನೊಬ್ಬ ಎರಡು ದಿನ ತೆಗೆದುಕೊಳ್ಳಬಹುದು. ಆದ್ದರಿಂದ ಏನೇನು ನೋಡಬೇಕು ಎಂದು ಮೊದಲೇ ಬರೆದು ಕೊಡಿ. ಈ ವಿಮಾನವನ್ನು ಹಿಂದೆ ಮುಟ್ಟಿರದ, ಆದರೆ 172ಗಳಲ್ಲಿ ಕೈ ಪಳಗಿದ ಮೆಕ್ಯಾನಿಕ್ ಹುಡುಕಿ. ಮೊದಲು ಲಾಗ್‌ಬುಕ್‌ನ ಸ್ಕ್ಯಾನ್ ಪ್ರತಿ ಅವರಿಗೆ ಕಳಿಸಿ. ಕಾಗದದಲ್ಲೇ ದೋಷ ಕಂಡರೆ ವಿಮಾನದ ಹತ್ತಿರ ಹೋಗುವ ಖರ್ಚೂ ಉಳಿಯುತ್ತದೆ. ಆಮೇಲೆ ತುಕ್ಕು, ಬೋರೋಸ್ಕೋಪ್, ಫಿಲ್ಟರ್. ದುಬಾರಿ ದೋಷ ಸಿಗಬಹುದಾದ ಕಡೆ ಮೊದಲು, ಬಲ್ಬು ಟಯರು ಕೊನೆಗೆ.

ಪ್ರೀ-ಬೈ ಬದಲು ಆನ್ಯುವಲ್ ಅನ್ನೇ ಮಾಡಿಸುವವರಿದ್ದಾರೆ. ಅದರಲ್ಲಿ ಒಂದು ತೊಡಕಿದೆ. ಆನ್ಯುವಲ್‌ನಲ್ಲಿ ಹಾರಲು ಯೋಗ್ಯವಲ್ಲದ ದೋಷ ಸಿಕ್ಕರೆ ಅದನ್ನು ದಾಖಲಿಸಬೇಕು, ವಿಮಾನ ಅಲ್ಲೇ ನಿಲ್ಲುತ್ತದೆ. ಮಾರುವವರು ಇದಕ್ಕೆ ಒಪ್ಪಲು ಹಿಂಜರಿಯುತ್ತಾರೆ, ಅವರ ದೃಷ್ಟಿಯಿಂದ ಅದು ನ್ಯಾಯವೇ. ಪ್ರೀ-ಬೈಯಲ್ಲೇ ಶುರು ಮಾಡಿ. ಎಲ್ಲ ಸರಿಯಿದ್ದರೆ, ಇಬ್ಬರೂ ಒಪ್ಪಿದರೆ, ಅದನ್ನೇ ಆನ್ಯುವಲ್ ಆಗಿ ಮುಂದುವರಿಸಿ. ಯಾವ ದೋಷಕ್ಕೆ ಯಾರು ದುಡ್ಡು ಕೊಡಬೇಕು, ಎಷ್ಟರ ಮೇಲೆ ಹೋದರೆ ಮುಂಗಡ ವಾಪಸ್ ಎನ್ನುವುದು ಕರಾರಿನಲ್ಲಿ ಇರಲಿ.

ರೇಡಿಯೊ, ಎಲೆಕ್ಟ್ರಾನಿಕ್ಸ್ ಎಷ್ಟು ಮುಖ್ಯ?

ಎಡಿಎಸ್-ಬಿ ಔಟ್ (ವಿಮಾನ ಎಲ್ಲಿದೆ ಎಂದು ತಾನಾಗಿ ಪ್ರಸಾರ ಮಾಡುವ ಉಪಕರಣ) ಇದೆಯಾ ನೋಡಿ. 2020ರ ಜನವರಿ 1ರಿಂದ ದೊಡ್ಡ ವಿಮಾನ ನಿಲ್ದಾಣಗಳ ಸುತ್ತಲಿನ ಆಕಾಶದಲ್ಲಿ ಅದು ಬೇಕೇ ಬೇಕು. ರೇಡಾರ್‌ಗೆ ಉತ್ತರಿಸುವ ಟ್ರಾನ್ಸ್‌ಪಾಂಡರ್‌ನ ಪರೀಕ್ಷೆ 24 ತಿಂಗಳಿಗೊಮ್ಮೆ ಆಗಬೇಕು. ಉಳಿದಂತೆ, ನಿಮಗೆ ಬೇಕಾದ ಉಪಕರಣ ಆಗಲೇ ಹಾಕಿರುವ ವಿಮಾನ ಕೊಳ್ಳುವುದು, ಆಮೇಲೆ ಹಾಕಿಸುವುದಕ್ಕಿಂತ ಅಗ್ಗ.

ನಾನು ಎಚ್-1ಬಿಯಲ್ಲಿದ್ದೇನೆ. ನನ್ನ ಹೆಸರಿಗೆ ಮಾಡಿಸಬಹುದಾ?

ನೇರವಾಗಿ ಆಗುವುದಿಲ್ಲ. ಅಮೆರಿಕದ ಎನ್ ನಂಬರ್ ವಿಮಾನವನ್ನು ವ್ಯಕ್ತಿಯ ಹೆಸರಿಗೆ ನೋಂದಾಯಿಸಲು ಆತ ಅಮೆರಿಕದ ಪ್ರಜೆ ಆಗಿರಬೇಕು, ಇಲ್ಲವೇ ಗ್ರೀನ್ ಕಾರ್ಡ್ ಇರಬೇಕು. ಲೈಸೆನ್ಸ್ ಇದ್ದರೂ ಸಾಲದು. ಬಹಳ ಜನಕ್ಕೆ ಇದು ಮುಂಗಡ ಕೊಟ್ಟ ಮೇಲೆ ಗೊತ್ತಾಗುತ್ತದೆ, ಅದಕ್ಕೇ ಇಲ್ಲಿ ಒತ್ತಿ ಹೇಳುತ್ತಿದ್ದೇನೆ.

ಅಮೆರಿಕದ ಪ್ರಜೆಯೊಬ್ಬರು ಟ್ರಸ್ಟಿ ಆಗಿರುವ ಟ್ರಸ್ಟ್ ಮೂಲಕ ಮಾಡುವ ದಾರಿ ಇದೆ. ಅದಕ್ಕೆ ವರ್ಷ ವರ್ಷ ಶುಲ್ಕ ಕೊಡಬೇಕು. ಸ್ನೇಹಿತರು ಸೇರಿ ಎಲ್‌ಎಲ್‌ಸಿ ಮಾಡಿದರೆ ಸಾಕು ಎನ್ನುವ ಸಲಹೆಯೂ ಕಿವಿಗೆ ಬೀಳುತ್ತದೆ. ಕಂಪನಿಯ ಮಾಲೀಕತ್ವದಲ್ಲಿ ಪ್ರಜೆಗಳ ಪಾಲು ಎಷ್ಟಿರಬೇಕು ಎನ್ನುವುದಕ್ಕೂ ನಿಯಮವಿದೆ. ವಿಮಾನದ ಕೆಲಸವನ್ನೇ ಮಾಡುವ ವಕೀಲರನ್ನು ಮೊದಲೇ ಕಾಣಿ.

ಹಣ ಕೊಡುವಾಗ ಏನು ಎಚ್ಚರ?

ಓಕ್ಲಹೋಮ ಸಿಟಿಯಲ್ಲಿರುವ ಎಫ್‌ಎಎ ನೋಂದಣಿ ಕಚೇರಿಯ ದಾಖಲೆಯಲ್ಲಿ ಟೈಟಲ್ (ಮಾಲೀಕತ್ವ, ಬಾಕಿ ಸಾಲದ ದಾಖಲೆ) ಹುಡುಕಿಸಿ. ಮೂವತ್ತು ವರ್ಷದ ಹಿಂದಿನ ಬ್ಯಾಂಕ್ ಸಾಲ ತೀರಿದ್ದರೂ ಕೆಲವೊಮ್ಮೆ ಬಿಡುಗಡೆ ಪತ್ರ ದಾಖಲಾಗಿರುವುದಿಲ್ಲ. ಆ ಕಾಗದ ಹುಡುಕುವುದು ಮಾರುವವರ ಕೆಲಸ, ಹಣ ಕೈ ಬದಲಾಗುವ ಮೊದಲೇ ಆಗಬೇಕು. ವ್ಯವಹಾರ ಮುಗಿಯುವವರೆಗೆ ಹಣ ಕಾಯ್ದಿಡುವ ಎಸ್ಕ್ರೋ ಕಂಪನಿಯ ಮೂಲಕವೇ ಹಣ ಕೊಡಿ. ವಿಮೆ ಎಷ್ಟಾಗುತ್ತದೆ ಎಂದು ಮುಂಗಡಕ್ಕೂ ಮುಂಚೆ ಕೇಳಿ. ಹೊಸ ಪೈಲಟ್‌ಗೆ ಅದು ನೀವು ಎಣಿಸಿದ್ದಕ್ಕಿಂತ ಜಾಸ್ತಿ ಇರಬಹುದು.

ಕೊಂಡ ಮೇಲೆ ವರ್ಷದ ಖರ್ಚು?

ಹಾರಲಿ ಬಿಡಲಿ, ಹ್ಯಾಂಗರ್ ಬಾಡಿಗೆ, ವಿಮೆ, ಆನ್ಯುವಲ್ ಇದ್ದೇ ಇರುತ್ತವೆ. ಹಾರಿದರೆ ಗಂಟೆಗೆ ಸುಮಾರು 8 ಗ್ಯಾಲನ್ ಆವ್‌ಗ್ಯಾಸ್, ಅಂದರೆ ವಿಮಾನದ ಪೆಟ್ರೋಲ್. ಅದರ ಜೊತೆ ಮುಂದಿನ ಓವರ್‌ಹಾಲ್‌ಗೆ ಪ್ರತಿ ಗಂಟೆಗೆ ಇಷ್ಟು ಎಂದು ಬೇರೆ ಖಾತೆಯಲ್ಲಿ ಹಾಕಿಡಿ. ಕೈಯಲ್ಲಿರುವ ಹಣವೆಲ್ಲ ಖರೀದಿಗೇ ಹೋಗುತ್ತದೆ ಅಂದರೆ ಆ ವಿಮಾನ ನಿಮಗೆ ದುಬಾರಿ. ಮೊದಲ ಆನ್ಯುವಲ್‌ನಲ್ಲಿ ಏನಾದರೊಂದು ಸಿಕ್ಕೇ ಸಿಗುತ್ತದೆ. ಇಬ್ಬರು ಮೂವರು ಸೇರಿ ಕೊಳ್ಳುವುದು ಒಳ್ಳೆಯ ದಾರಿ. ಖರ್ಚು ಹಂಚಿಹೋಗುತ್ತದೆ, ವಿಮಾನ ಸುಮ್ನೆ ನಿಲ್ಲುವುದೂ ತಪ್ಪುತ್ತದೆ.

ಅಮೆರಿಕದಲ್ಲಿ ಕೊಂಡು ಬೆಂಗಳೂರಿಗೆ ತರಬಹುದಾ?

ಹೃದಯ ಹೌದು ಅನ್ನುತ್ತದೆ. ಜಕ್ಕೂರಿನ ರನ್‌ವೇ ಮೇಲೆ ಸ್ವಂತ ವಿಮಾನ ಇಳಿಸುವ ಆಸೆ ಯಾರಿಗಿಲ್ಲ ಹೇಳಿ. ಆದರೆ ಆಮದಿಗೆ ಮೊದಲೇ ಭಾರತದ ವಿಮಾನಯಾನ ನಿಯಂತ್ರಕರಾದ ಡಿಜಿಸಿಎ ಅನುಮತಿ ಬೇಕು. ಅಮೆರಿಕದ ನೋಂದಣಿ ರದ್ದುಮಾಡಿಸಿ ಭಾರತದ ವಿಟಿ ನೋಂದಣಿ ಮಾಡಿಸಬೇಕು. ಸುಂಕ, ಸಾಗಣೆ, ನಿರ್ವಹಣೆಗೆ ಅನುಮತಿ ಪಡೆದ ಸಂಸ್ಥೆ, ಆವ್‌ಗ್ಯಾಸ್ ಸಿಗುವ ಜಾಗ, ಎಲ್ಲ ಕೂಡಿಸಿ ನೋಡಿ. ಹಳೆಯ 172ಕ್ಕೆ ಈ ಲೆಕ್ಕ ಹೊಂದುವುದು ಬಹಳ ಕಷ್ಟ. ಊರಿಗೆ ಬಂದಾಗ ಹಾರುವ ಆಸೆಯಿದ್ದರೆ ಇಲ್ಲಿನ ಕ್ಲಬ್ಬು, ಶಾಲೆಗಳನ್ನು ವಿಚಾರಿಸುವುದು ಮೇಲು.

ಮಾರುವವರ ಊರಿನಿಂದ ನಾನೇ ಹಾರಿಸಿಕೊಂಡು ಬರಬಹುದಾ?

ಆನ್ಯುವಲ್ ಚಾಲ್ತಿಯಲ್ಲಿದ್ದರೆ, ವಿಮೆ ಶುರುವಾಗಿದ್ದರೆ ಬರಬಹುದು. ನೋಂದಣಿ ಅರ್ಜಿಯ ಪ್ರತಿ ವಿಮಾನದಲ್ಲಿಟ್ಟುಕೊಂಡು ಅಮೆರಿಕದ ಒಳಗೆ ತಾತ್ಕಾಲಿಕವಾಗಿ ಹಾರಿಸಲು ಅವಕಾಶವಿದೆ. ಆನ್ಯುವಲ್ ಮುಗಿದುಹೋಗಿದ್ದರೆ ವಿಶೇಷ ಹಾರಾಟ ಪರವಾನಗಿ ಬೇಕು. ಆ ಮಾದರಿಯಲ್ಲಿ ಅನುಭವವಿರುವ ಇನ್‌ಸ್ಟ್ರಕ್ಟರ್ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಹೊರಡುವ ಮೊದಲು ಆ ನಿಲ್ದಾಣದ ಸುತ್ತಲೇ ಒಂದು ಗಂಟೆ ಹಾರಿ, ಇಳಿದು, ಕೌಲಿಂಗ್ (ಎಂಜಿನ್ ಮೇಲಿನ ಮುಚ್ಚಳ) ತೆಗೆದು ಎಲ್ಲಾದರೂ ಸೋರಿದೆಯಾ ನೋಡಿ. ಮೊದಲ ದಿನ ಪೂರ್ತಿ ಟ್ಯಾಂಕ್ ತುಂಬಿಸಿಕೊಂಡು, ಎರಡು ಗಂಟೆಗೊಮ್ಮೆ ಇಳಿದು, ಇಂಧನ ಮತ್ತು ಆಯಿಲ್ ಎಷ್ಟು ಖರ್ಚಾಯಿತು ಎಂದು ಕಡ್ಡಿ ಅದ್ದಿ ಅಳೆಯಿರಿ. ಹಳೆಯ ಇಂಧನ ಮಾಪಕದ ಮುಳ್ಳನ್ನು ನಂಬಬೇಡಿ. ರಾತ್ರಿಯಾಗುತ್ತಿದ್ದರೆ, ಮೋಡ ಕವಿಯುತ್ತಿದ್ದರೆ ಹತ್ತಿರದ ಊರಿನಲ್ಲೇ ಉಳಿದು ಬೆಳಿಗ್ಗೆ ಹೊರಡಿ.